ಕ್ರೀಡಾ ರೈಫಲ್‌ಗೆ ಸ್ಕೋಪ್ ಅಳವಡಿಕೆ: ಮೌಂಟ್ ಮತ್ತು ರಿಂಗ್‌ಗಳ ಆಯ್ಕೆ ಕುರಿತು ಆಯುಧ ಪರವಾನಗಿದಾರರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರೈಫಲ್‌ನ ಮೇಲೆ ಅಳವಡಿಸುವ ದೂರದರ್ಶಕವನ್ನು ರೂಢಿಯಲ್ಲಿ ಸ್ಕೋಪ್ ಎಂದು ಕರೆಯಲಾಗುತ್ತದೆ. ಅದನ್ನು ರೈಫಲ್‌ಗೆ ಜೋಡಿಸುವ ತಳಪಟ್ಟಿಗೆ ಮೌಂಟ್ ಎಂದೂ, ಸ್ಕೋಪಿನ ಕೊಳವೆಯನ್ನು ಸುತ್ತಿ ಹಿಡಿಯುವ ಬಳೆಗಳಿಗೆ ರಿಂಗ್ ಎಂದೂ ಹೆಸರು. ಸ್ಕೋಪಿಗೆ ಹೆಚ್ಚು ಹಣ ವ್ಯಯಿಸಿ ಮೌಂಟ್ ಮತ್ತು ರಿಂಗ್‌ಗಳನ್ನು ಅಲಕ್ಷಿಸುವುದು ಸರಿಯಲ್ಲ. ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಅಂತರವಿದ್ದು, ಅವುಗಳಲ್ಲಿ ಒಂದು ಕೇವಲ 0.1 ಮಿ.ಮೀ. ಸರಿದರೂ ಗುರಿಯು 50 ಮೀಟರ್ ದೂರದಲ್ಲಿ 50 ಮಿ.ಮೀ. ಹಾಗೂ 100 ಮೀಟರ್ ದೂರದಲ್ಲಿ 100 ಮಿ.ಮೀ.ನಷ್ಟು ತಪ್ಪುತ್ತದೆ.

ಹವಳಗಾ ಹಾಗೂ ಸುತ್ತಲಿನ ಅಫಜಲಪುರ, ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳು ಕಬ್ಬು, ತೊಗರಿ, ಜೋಳ ಬೆಳೆಯುವ ಪ್ರದೇಶಗಳಾಗಿವೆ. ಕಾಡುಹಂದಿ ಮತ್ತು ಚಿಗರಿಗಳಿಂದ ಬೆಳೆ ಹಾನಿಗೊಳಗಾದ ರೈತರು ಬಂದೂಕು ಹಾಗೂ ಸ್ಕೋಪಿನ ಬಗ್ಗೆ ವಿಚಾರಿಸುವುದು ಸಹಜ. ಆದ್ದರಿಂದ ಯಾವ ಆಯುಧಕ್ಕೆ ಸ್ಕೋಪ್ ಉಪಯುಕ್ತ, ಯಾವುದಕ್ಕೆ ಅಲ್ಲ ಎಂಬುದನ್ನು ಮೊದಲು ವಿವರಿಸಿ, ನಂತರ ಆಯ್ಕೆಯ ಕ್ರಮವನ್ನು ಇಲ್ಲಿ ನೀಡಲಾಗಿದೆ.

1. ಖರೀದಿಗೆ ಮುನ್ನ ತಿಳಿದಿರಬೇಕಾದ ಕಾನೂನು

ಅ) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕಾರ ಬೇಟೆ ನಿಷಿದ್ಧ. ಬೇಟೆಯಾಡಲು ಪ್ರಯತ್ನಿಸುವುದು ಸಹ ಬೇಟೆಯ ವ್ಯಾಖ್ಯೆಗೆ ಒಳಪಡುತ್ತದೆ. ಆದ್ದರಿಂದ ಅಂಗಡಿಗಳಲ್ಲಿ ಅಥವಾ ವಿದೇಶಿ ಕೈಪಿಡಿಗಳಲ್ಲಿ "ಬೇಟೆ ಸ್ಕೋಪ್" ಎಂದು ಕರೆಯಲಾಗುವ ಸಾಧನವನ್ನು ನಮ್ಮಲ್ಲಿ ಬೇಟೆಗಾಗಿ ಬಳಸಲು ಅವಕಾಶವಿಲ್ಲ.

ಆ) ಚಿಗರಿ, ಅಂದರೆ ಕೃಷ್ಣಮೃಗವು ಸದರಿ ಅಧಿನಿಯಮದ ಅನುಸೂಚಿ 1ರಲ್ಲಿದೆ. ಬೆಳೆ ಹಾನಿಯ ಕಾರಣಕ್ಕೆ ಇದನ್ನು ಕೊಲ್ಲಲು ಅನುಮತಿ ನೀಡಲು ಅವಕಾಶವಿರುವುದಿಲ್ಲ. ಅನುಸೂಚಿ 1ರ ಪ್ರಾಣಿಯನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ದಂಡ ವಿಧಿಸಬಹುದಾಗಿದೆ.

ಇ) ಕಾಡುಹಂದಿಯು 2022ರ ತಿದ್ದುಪಡಿಯ ನಂತರ ಅನುಸೂಚಿ 2ರಲ್ಲಿದೆ. ನಿಂತ ಬೆಳೆಗೆ ಅಪಾಯವಾಗಿರುವ ಸಂದರ್ಭದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತಗೊಂಡ ಅಧಿಕಾರಿಯು ಕಾರಣಗಳನ್ನು ನಮೂದಿಸಿ ಲಿಖಿತ ಆದೇಶ ನೀಡಿದಲ್ಲಿ ಮಾತ್ರ ಕ್ರಮ ಕೈಗೊಳ್ಳಬಹುದು. ಆಯುಧ ಪರವಾನಗಿಯು ಈ ಆದೇಶಕ್ಕೆ ಬದಲಿಯಲ್ಲ.

ಈ) ವನ್ಯಜೀವಿ ಅಪರಾಧದಲ್ಲಿ ಶಿಕ್ಷೆಯಾದಾಗ ನ್ಯಾಯಾಲಯವು ಆಯುಧ ಪರವಾನಗಿಯನ್ನು ರದ್ದುಪಡಿಸಲು ಹಾಗೂ 5 ವರ್ಷಗಳವರೆಗೆ ಹೊಸ ಪರವಾನಗಿಗೆ ಅನರ್ಹಗೊಳಿಸಲು ನಿರ್ದೇಶಿಸಬಹುದು.

2. ಯಾವ ಆಯುಧಕ್ಕೆ ಸ್ಕೋಪ್ ಸೂಕ್ತ?

ಆಯುಧ ಅಧಿನಿಯಮ, 1959ರ ಪ್ರಕರಣ 13ರಲ್ಲಿ ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ನೀಡಲು ಅವಕಾಶವಿದೆ. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಇತರ ನುಣುಪು ನಳಿಗೆ ಬಂದೂಕಿಗೆ ಪರವಾನಗಿ ನೀಡಬಹುದು. ಇಂತಹ ಬಂದೂಕಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿಲ್ಲದ ಕಾರಣ ಗುಂಡು ತಿರುಗುತ್ತಾ ನೇರವಾಗಿ ಸಾಗುವುದಿಲ್ಲ, ಚರೆಗಳು ಚದುರುತ್ತವೆ. ಇದಕ್ಕೆ ಸ್ಕೋಪ್ ಅಳವಡಿಸುವುದರಿಂದ ಪ್ರಯೋಜನವಿಲ್ಲ. ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ರೈತರು ಸ್ಕೋಪಿಗೆ ಹಣ ವ್ಯಯಿಸಬೇಕಾಗಿಲ್ಲ.

ಅದೇ ಪ್ರಕರಣದಲ್ಲಿ, ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಸ್ಥೆಯ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ .22 ಬೋರ್ ರೈಫಲ್ ಅಥವಾ ಏರ್ ರೈಫಲ್ ಪರವಾನಗಿ ನೀಡುವ ಬಗ್ಗೆ ತಿಳಿಸಲಾಗಿದೆ. ಸ್ಕೋಪಿನ ಉಪಯೋಗ ಇರುವುದು ಇಂತಹ ರೈಫಲ್‌ಗಳಿಗೆ. ಆದರೆ ಎಲ್ಲ ಸ್ಪರ್ಧೆಗಳಲ್ಲಿಯೂ ಅದಕ್ಕೆ ಅವಕಾಶವಿಲ್ಲ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಬಳಸುವಂತಿಲ್ಲ. ಆದ್ದರಿಂದ ತಾವು ಭಾಗವಹಿಸುವ ಸ್ಪರ್ಧೆಯ ನಿಯಮವನ್ನು ಕ್ಲಬ್ಬಿನಲ್ಲಿ ವಿಚಾರಿಸಿದ ನಂತರವೇ ಖರೀದಿಸುವುದು ಸೂಕ್ತ.

3. ಮೌಂಟ್ ಆಯ್ಕೆ

ರೈಫಲ್‌ನ ಮೇಲ್ಭಾಗದಲ್ಲಿರುವ ಕಚ್ಚಿಗೆ ಹೊಂದುವ ಮೌಂಟನ್ನೇ ಆರಿಸತಕ್ಕದ್ದು. ಸಾಮಾನ್ಯವಾಗಿ ಮೂರು ಬಗೆಗಳು ಕಂಡುಬರುತ್ತವೆ.

ಅ) ಡವ್‌ಟೇಲ್: ಬಹುತೇಕ .22 ಮತ್ತು ಏರ್ ರೈಫಲ್‌ಗಳಲ್ಲಿ ಸುಮಾರು 11 ಮಿ.ಮೀ. ಅಗಲದ, ಎರಡೂ ಬದಿ ಇಳಿಜಾರಾಗಿರುವ ಗಾಡಿ ಇರುತ್ತದೆ. ರಿಂಗ್‌ಗಳು ಇದನ್ನು ಎರಡು ಬದಿಗಳಿಂದ ಕಚ್ಚಿ ಹಿಡಿಯುತ್ತವೆ.

ಆ) ವೀವರ್: ಪಟ್ಟಿಯ ಮೇಲೆ ಅಡ್ಡಗಾಡಿಗಳಿರುತ್ತವೆ. ಗಾಡಿಯ ಅಗಲ ಸುಮಾರು 4.57 ಮಿ.ಮೀ. ಗಾಡಿಗಳ ನಡುವಿನ ಅಂತರ ಎಲ್ಲ ತಯಾರಕರಲ್ಲಿ ಒಂದೇ ಆಗಿರುವುದಿಲ್ಲ.

ಇ) ಪಿಕಟಿನಿ: ಇದರ ಗಾಡಿಯ ಅಗಲ 5.23 ಮಿ.ಮೀ. ಹಾಗೂ ಒಂದು ಗಾಡಿಯ ಮಧ್ಯದಿಂದ ಮತ್ತೊಂದರ ಮಧ್ಯಕ್ಕೆ 10.01 ಮಿ.ಮೀ. ಅಂತರ ನಿಗದಿಯಾಗಿದೆ. ವೀವರ್ ರಿಂಗ್‌ಗಳು ಸಾಮಾನ್ಯವಾಗಿ ಪಿಕಟಿನಿ ಪಟ್ಟಿಯಲ್ಲಿ ಕೂರುತ್ತವೆ. ಪಿಕಟಿನಿ ರಿಂಗ್‌ನ ಅಡ್ಡಕಟ್ಟು ದಪ್ಪವಾಗಿರುವುದರಿಂದ ವೀವರ್ ಪಟ್ಟಿಯಲ್ಲಿ ಅನೇಕ ಬಾರಿ ಕೂರುವುದಿಲ್ಲ.

ಹಳೆಯ ಬೋಲ್ಟ್ ರೈಫಲ್‌ಗಳಲ್ಲಿ ಮೌಂಟ್ ಕೂರಿಸಲು ಸ್ಕ್ರೂ ರಂಧ್ರಗಳು ಇಲ್ಲದಿರಬಹುದು. ಅಂತಹ ರೈಫಲ್‌ಗೆ ಮನೆಯಲ್ಲಾಗಲೀ, ಊರಿನ ವೆಲ್ಡಿಂಗ್ ಅಥವಾ ಲೇತ್ ಅಂಗಡಿಯಲ್ಲಾಗಲೀ ರಂಧ್ರ ಕೊರೆಯಿಸಕೂಡದು. ತೋಟಾ ಸಿಡಿಯುವಾಗಿನ ಒತ್ತಡವನ್ನು ತಡೆಯುವ ಭಾಗದ ಲೋಹ ದುರ್ಬಲವಾದಲ್ಲಿ ಬಳಸುವವರ ಮುಖಕ್ಕೇ ಅಪಾಯ ಸಂಭವಿಸುತ್ತದೆ. ಆಯುಧ ದುರಸ್ತಿಗೆ ಪರವಾನಗಿ ಇರುವವರಿಂದ ಮಾತ್ರ ಇಂತಹ ಕೆಲಸ ಮಾಡಿಸಿ, ರಸೀದಿ ಪಡೆದಿಟ್ಟುಕೊಳ್ಳತಕ್ಕದ್ದು.

4. ರಿಂಗ್ ಆಯ್ಕೆ

ಅ) ವ್ಯಾಸ: ಸ್ಕೋಪಿನ ಕೊಳವೆಯ ವ್ಯಾಸ 25.4 ಮಿ.ಮೀ. (ಒಂದು ಅಂಗುಲ), 30 ಮಿ.ಮೀ. ಅಥವಾ 34 ಮಿ.ಮೀ. ಇರುತ್ತದೆ. ರಿಂಗ್‌ನ ಒಳವ್ಯಾಸವೂ ಅಷ್ಟೇ ಇರಬೇಕು. ದೊಡ್ಡ ರಿಂಗ್‌ನಲ್ಲಿ ರಬ್ಬರ್ ಅಥವಾ ಟೇಪು ಸುತ್ತಿ ಸಣ್ಣ ಕೊಳವೆಯನ್ನು ಬಿಗಿಯುವುದು ಸರಿಯಲ್ಲ.

ಆ) ಎತ್ತರ: ಸ್ಕೋಪಿನ ಮುಂಭಾಗವು ನಳಿಗೆಗೆ ತಾಗಬಾರದು. ಉದಾಹರಣೆಗೆ, 40 ಮಿ.ಮೀ. ಗಾಜಿರುವ ಸ್ಕೋಪಿನ ಮುಂಭಾಗದ ಹೊರವ್ಯಾಸ 48 ಮಿ.ಮೀ. ಇದ್ದರೆ ಅದರ ಅರ್ಧ 24 ಮಿ.ಮೀ. ಇದಕ್ಕೆ 3 ಮಿ.ಮೀ. ತೆರವು ಸೇರಿಸಿದರೆ 27 ಮಿ.ಮೀ. ಮೌಂಟ್‌ನ ಮೇಲ್ಮೈ ನಳಿಗೆಗಿಂತ 8 ಮಿ.ಮೀ. ಎತ್ತರವಿದ್ದಲ್ಲಿ, ಮೌಂಟ್‌ನಿಂದ ರಿಂಗ್‌ನ ಮಧ್ಯದವರೆಗೆ ಕನಿಷ್ಠ 19 ಮಿ.ಮೀ. ಬೇಕು. ತಯಾರಕರು ಎತ್ತರವನ್ನು ರಿಂಗ್‌ನ ಮಧ್ಯದವರೆಗೆ ಅಳೆದಿದ್ದಾರೆಯೇ ಅಥವಾ ಕೊಳವೆಯ ಕೆಳ ಅಂಚಿನವರೆಗೆ ಅಳೆದಿದ್ದಾರೆಯೇ ಎಂಬುದನ್ನು ನೋಡಿಕೊಳ್ಳಬೇಕು. ಅಗತ್ಯಕ್ಕಿಂತ ಎತ್ತರದ ರಿಂಗ್ ಕೊಂಡರೆ ಕೆನ್ನೆಗೆ ಆಧಾರ ಸಿಗದೆ ಗುರಿ ಅಸ್ಥಿರವಾಗುತ್ತದೆ. ಬೋಲ್ಟಿನ ಹಿಡಿ ಸ್ಕೋಪಿಗೆ ತಾಗದೆ ಮೇಲೇಳುವುದನ್ನೂ ಪರೀಕ್ಷಿಸಬೇಕು.

ಇ) ಹಿಂದೊದೆತ: .22 ರೈಫಲ್‌ನ ಹಿಂದೊದೆತ ಅಲ್ಪ. ಉತ್ತಮ ಅಲ್ಯೂಮಿನಿಯಂ ರಿಂಗ್‌ಗಳು ಸಾಕು. ಹೆಚ್ಚು ಒದೆಯುವ ರೈಫಲ್‌ಗಳಿಗೆ ಉಕ್ಕಿನ ಅಥವಾ ಅಗಲವಾದ ರಿಂಗ್‌ಗಳು ಲೇಸು. ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ರಿಂಗ್‌ಗಳು ಸರಿಯುತ್ತವೆ, ಸಾಧಾರಣ ಸ್ಕೋಪಿನ ಒಳಭಾಗ ಕೆಡುತ್ತದೆ. ಇದಕ್ಕೆ ತಡೆಮೊಳೆ ಇರುವ ಒಂದೇ ತುಂಡಿನ ಮೌಂಟ್ ಹಾಗೂ ಏರ್ ರೈಫಲ್‌ಗೆಂದೇ ತಯಾರಿಸಿದ ಸ್ಕೋಪ್ ಬೇಕು.

5. ಅಳವಡಿಸುವ ಕ್ರಮ

1) ತೋಟಾ ಇಲ್ಲವೆಂಬುದನ್ನು ಬೋಲ್ಟ್ ತೆರೆದು ಕಣ್ಣಿನಿಂದ ಮತ್ತು ಬೆರಳಿನಿಂದ ಖಚಿತಪಡಿಸಿಕೊಳ್ಳುವುದು. ತೋಟಾಗಳನ್ನು ಬೇರೆ ಕೋಣೆಯಲ್ಲಿಡುವುದು.
2) ಮೌಂಟ್ ಮತ್ತು ಸ್ಕ್ರೂಗಳ ಎಣ್ಣೆ ಒರೆಸಿ, ಮೌಂಟನ್ನು ಮೊದಲು ಬಿಗಿಯುವುದು.
3) ಕಣ್ಣಿಗೂ ಸ್ಕೋಪಿನ ಹಿಂಗಾಜಿಗೂ ತಯಾರಕರು ಸೂಚಿಸಿದ ಅಂತರ ಬಿಡುವುದು. ಇದು ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಇರುತ್ತದೆ. ಅಂತರ ಕಡಿಮೆಯಾದಲ್ಲಿ ಹಿಂದೊದೆತಕ್ಕೆ ಹುಬ್ಬು ಸೀಳುವ ಸಂಭವವಿದೆ.
4) ಸ್ಕೋಪಿನೊಳಗಿನ ಅಡ್ಡಗೆರೆ ನೆಲಕ್ಕೆ ಸಮನಾಗಿರುವಂತೆ ತಿರುಗಿಸುವುದು.
5) ರಿಂಗ್‌ಗಳ ಸ್ಕ್ರೂಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವಾಗಿ, ಎರಡೂ ಬದಿಯ ಸಂದು ಸಮನಾಗಿರುವಂತೆ ಬಿಗಿಯುವುದು. ತಯಾರಕರು ಸೂಚಿಸಿದ ಬಿಗಿತವನ್ನು ಮೀರಬಾರದು. ಅತಿಯಾಗಿ ಬಿಗಿದರೆ ಕೊಳವೆ ಜಜ್ಜಿಹೋಗುತ್ತದೆ.

ಗುರಿ ಹೊಂದಿಸುವ ಕೆಲಸವನ್ನು ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ ಮಾತ್ರ ಮಾಡತಕ್ಕದ್ದು. ಹೊಲ, ಕೆರೆಯ ಏರಿ ಅಥವಾ ನದಿಯ ದಂಡೆಯಲ್ಲಿ ಮಾಡಕೂಡದು. .22 ಗುಂಡು ಸಹ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದು. ಸ್ಕೋಪಿನಲ್ಲಿ ಕಾಣುವುದು ಕಿರಿದಾದ ಒಂದು ವೃತ್ತ ಮಾತ್ರ. ಅದರ ಆಚೀಚೆ ಕಬ್ಬು ಕಡಿಯುತ್ತಿರುವವರು, ದನ ಕಾಯುವವರು, ಹೊಲದಲ್ಲಿ ಮಲಗಿರುವವರು ಕಾಣುವುದಿಲ್ಲ. ಇದೇ ಕಾರಣದಿಂದ ದೂರದ ವಸ್ತುವನ್ನು ನೋಡಲೆಂದು ರೈಫಲ್‌ನ ಸ್ಕೋಪನ್ನು ಎಂದಿಗೂ ಬಳಸಬಾರದು. ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದವರಿಗೆ 2019ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ಕೋಪಿನೊಂದಿಗೆ ಸದ್ದಡಗಿಸುವ ಸಾಧನವನ್ನೂ ಅಳವಡಿಸಬಹುದೇ?
ಉತ್ತರ: ಇಲ್ಲ. ಗುಂಡಿನ ಸದ್ದು ಅಥವಾ ಬೆಂಕಿಯ ಹೊಳಪನ್ನು ತಗ್ಗಿಸುವ ಸಾಧನಗಳು ಆಯುಧ ನಿಯಮಗಳು, 2016ರಲ್ಲಿ ನಿಷೇಧಿತ ವರ್ಗಕ್ಕೆ ಸೇರಿವೆ.

ಪ್ರಶ್ನೆ: ಚುನಾವಣೆಯ ಸಂದರ್ಭದಲ್ಲಿ ಆಯುಧ ಠೇವಣಿ ಇಡುವಾಗ ಸ್ಕೋಪ್ ಏನು ಮಾಡಬೇಕು?
ಉತ್ತರ: ಸ್ಕೋಪ್ ಸಹಿತ ಇಡುವುದಾದಲ್ಲಿ ಸ್ಕೋಪ್ ಮತ್ತು ಮೌಂಟ್‌ಗಳನ್ನು ರಸೀದಿಯಲ್ಲಿ ನಮೂದಿಸಲು ಕೋರುವುದು. ಮರಳಿ ಪಡೆದ ನಂತರ ಸ್ಕ್ರೂಗಳ ಬಿಗಿತ ಪರೀಕ್ಷಿಸಿ, ರೇಂಜ್‌ನಲ್ಲಿ ಗುರಿಯನ್ನು ಪುನಃ ಹೊಂದಿಸಿಕೊಳ್ಳುವುದು.

ಪ್ರಶ್ನೆ: ಬೆಳೆ ಹಾನಿಯಾಗಿದೆ, ಆದರೆ ಬಂದೂಕಿನ ಪರವಾನಗಿ ಇಲ್ಲ. ಮಾರ್ಗವೇನು?
ಉತ್ತರ: ವನ್ಯಪ್ರಾಣಿಗಳಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಧನ ಕೋರಬಹುದು. ಹಾನಿಯಾದ ಕೂಡಲೇ ಛಾಯಾಚಿತ್ರ ಹಾಗೂ ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.

7. ಪರವಾನಗಿಗೆ ಅರ್ಜಿ

ವೈಯಕ್ತಿಕ ಆಯುಧ ಪರವಾನಗಿಗೆ ನಮೂನೆ ಎ-1ರಲ್ಲಿ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಮೇಲ್ಕಂಡ ತಾಲ್ಲೂಕುಗಳ ಗ್ರಾಮಗಳಿಗೆ ಕಲಬುರಗಿ ಜಿಲ್ಲಾ ದಂಡಾಧಿಕಾರಿಗಳೂ ಆಗಿರುವ ಜಿಲ್ಲಾಧಿಕಾರಿಗಳು ಪ್ರಾಧಿಕಾರವಾಗಿರುತ್ತಾರೆ. ಪೊಲೀಸ್ ವರದಿ ಪಡೆದ ನಂತರ ಅರ್ಜಿಯನ್ನು ತೀರ್ಮಾನಿಸಲಾಗುತ್ತದೆ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿದೆ. ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ಬೆಳೆ ರಕ್ಷಣೆ, ಆತ್ಮರಕ್ಷಣೆ ಅಥವಾ ಕ್ರೀಡೆ, ಇವುಗಳಲ್ಲಿ ಯಾವ ಉದ್ದೇಶಕ್ಕಾಗಿ ಆಯುಧ ಬೇಕೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು. ಆಯುಧವನ್ನೂ ಅದಕ್ಕೆ ಬೇಕಾದ ಸಾಧನಗಳನ್ನೂ ಆ ಉದ್ದೇಶಕ್ಕೆ ತಕ್ಕಂತೆ ಮಾತ್ರ ಆರಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.