ಒಂದು ವರ್ಷದ ಮೇಷ್ಟ್ರು: ಮಾರ್ಷಲ್ ದ್ವೀಪಗಳ ಮಿಷನ್ ಶಾಲೆಗಳು

ಮಾರ್ಷಲ್ ದ್ವೀಪಗಳಲ್ಲಿ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದ ಮಿಷನ್ ಶಾಲೆಗಳಲ್ಲಿ ಪಾಠ ಹೇಳುವವರಲ್ಲಿ ಬಹಳ ಮಂದಿಗೆ ಶಿಕ್ಷಕ ವೃತ್ತಿಯ ತರಬೇತಿ ಇರುವುದಿಲ್ಲ. ಇಪ್ಪತ್ತರ ಆಸುಪಾಸಿನ ಇವರು ಅಮೆರಿಕದ ಚರ್ಚ್ ಕಾಲೇಜುಗಳಲ್ಲಿ ನರ್ಸಿಂಗನ್ನೋ ಜೀವಶಾಸ್ತ್ರವನ್ನೋ ಓದುತ್ತಿರುವವರು. ಓದನ್ನು ಒಂದು ವರ್ಷ ನಿಲ್ಲಿಸಿ ಶಾಂತ ಸಾಗರದ ನಡುವಿನ ಈ ಪುಟ್ಟ ದೇಶಕ್ಕೆ ಬರುತ್ತಾರೆ, ವರ್ಷ ಮುಗಿದೊಡನೆ ಹಿಂತಿರುಗುತ್ತಾರೆ. ಅಡ್ವೆಂಟಿಸ್ಟ್ ಕಾಲೇಜುಗಳು ವಿದ್ಯಾರ್ಥಿಗಳನ್ನು ಹೀಗೆ ಹೊರದೇಶಗಳ ಸೇವೆಗೆ ಕಳಿಸುವ ಪದ್ಧತಿ 1959ರಲ್ಲಿ ಶುರುವಾಯಿತು.

ದೇಶ ಎಂದರೆ 29 ಹವಳದ ದ್ವೀಪವಲಯಗಳು ಮತ್ತು ಐದು ಬಿಡಿ ದ್ವೀಪಗಳು. ಎಲ್ಲ ನೆಲವನ್ನೂ ಸೇರಿಸಿದರೂ 181 ಚದರ ಕಿಲೋಮೀಟರ್ ಆಗುತ್ತದೆ, ಅಷ್ಟೆ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 42 ಸಾವಿರ. ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿ ಮಜುರೊದಲ್ಲೇ ಇದ್ದಾರೆ. ಅಮೆರಿಕದ ಪ್ರಾಟೆಸ್ಟೆಂಟ್ ಮಿಷನರಿಗಳು 1857ರಲ್ಲಿ ಎಬೊನ್ ದ್ವೀಪಕ್ಕೆ ಬಂದಿಳಿದಂದಿನಿಂದ ಇಲ್ಲಿ ಚರ್ಚು, ಶಾಲೆ ಎರಡೂ ಜೊತೆಜೊತೆಗೆ ಬೆಳೆದವು. ಈಗ ಮಜುರೊ ಮತ್ತು ಎಬಾಯ್ ದ್ವೀಪಗಳಲ್ಲಿ ಕ್ಯಾಥೊಲಿಕ್, ಅಡ್ವೆಂಟಿಸ್ಟ್ ಶಾಲೆಗಳೆರಡೂ ಇವೆ. ಸರ್ಕಾರಿ ಶಾಲೆ ಇದ್ದರೂ ಶುಲ್ಕ ಕೊಟ್ಟು ಮಕ್ಕಳನ್ನು ಇಲ್ಲಿಗೆ ಸೇರಿಸುವುದು ಮುಖ್ಯವಾಗಿ ಇಂಗ್ಲಿಷಿನ ಆಸೆಯಿಂದ. ಅಮೆರಿಕದೊಂದಿಗಿನ 1986ರ ಒಪ್ಪಂದದ ಪ್ರಕಾರ ಮಾರ್ಷಲ್ ಜನ ವೀಸಾ ಇಲ್ಲದೆ ಅಲ್ಲಿಗೆ ಹೋಗಿ ದುಡಿಯಬಹುದು. ಆರ್ಕನ್ಸಾ ರಾಜ್ಯದ ಸ್ಪ್ರಿಂಗ್‌ಡೇಲ್ ಊರಿನಲ್ಲಿ ಇವರದೇ ದೊಡ್ಡ ಸಮುದಾಯ ನೆಲೆಸಿದೆ. ಇಂಗ್ಲಿಷ್ ಬಂದರೆ ಅಲ್ಲಿ ಕೆಲಸ ಸಿಗುತ್ತದೆ ಎಂಬುದು ಪ್ರತಿ ಮನೆಗೂ ಗೊತ್ತು.

ಒಂದು ವರ್ಷಕ್ಕೆ ಬರುವ ಈ ಸ್ವಯಂಸೇವಕ ಶಿಕ್ಷಕರಿಗೆ ಸಂಬಳವಿಲ್ಲ. ಇರಲು ಶಾಲೆಯ ಆವರಣದಲ್ಲೇ ಕೋಣೆ, ಊಟದ ಖರ್ಚಿಗೆ ತಿಂಗಳಿಗಿಷ್ಟು ಭತ್ಯೆ. ಹೊರಡುವ ಮೊದಲು ಹಲವರು ತಮ್ಮ ಚರ್ಚಿನವರಿಂದ, ಬಂಧುಗಳಿಂದ ಹಣ ಕೂಡಿಸಿಕೊಳ್ಳುತ್ತಾರೆ. ಹೊನೊಲುಲುವಿನಿಂದ ಗುವಾಮ್‌ವರೆಗೆ ದ್ವೀಪದಿಂದ ದ್ವೀಪಕ್ಕೆ ಇಳಿದು ಹತ್ತುತ್ತಾ ಸಾಗುವ ವಿಮಾನವೇ ಮಜುರೊಗೆ ಹೋಗುವ ಮುಖ್ಯ ದಾರಿ. ಬಂದ ಕೆಲವೇ ದಿನಗಳಲ್ಲಿ ತರಗತಿಯೊಂದು ಕೈಗೆ ಬರುತ್ತದೆ. ಪ್ರಾಥಮಿಕ ಹಂತವಾದರೆ ಗಣಿತ, ವಿಜ್ಞಾನ, ಇಂಗ್ಲಿಷ್, ಬೈಬಲ್ ಎಲ್ಲವನ್ನೂ ಒಬ್ಬರೇ ಕಲಿಸಬೇಕು.

ದಿನ ಶುರುವಾಗುವುದು ಶಿಕ್ಷಕರ ಪ್ರಾರ್ಥನೆಯಿಂದ. ಆಮೇಲೆ ಮಕ್ಕಳ ಸಾಲು, ಹಾಡು, ಬೈಬಲ್ ಪಾಠ, ಅದರ ಹಿಂದೆಯೇ ಉಳಿದ ವಿಷಯಗಳು. ತಾಪಮಾನ ವರ್ಷವಿಡೀ 27–28 ಡಿಗ್ರಿಯ ಆಸುಪಾಸು. ಗಾಳಿ ಬೀಸಿದರೆ ಹಿತ, ನಿಂತರೆ ತರಗತಿಯೇ ಬೇಯುತ್ತದೆ. ಪಠ್ಯಪುಸ್ತಕಗಳು ಬಹುಪಾಲು ಅಮೆರಿಕದವು: ಎಲೆ ಉದುರುವ ಶರತ್ಕಾಲ, ಹಿಮದ ಗೊಂಬೆ, ರೈಲು, ಬೆಟ್ಟ. ಸಮುದ್ರಮಟ್ಟಕ್ಕಿಂತ ಸರಾಸರಿ ಎರಡು ಮೀಟರ್‌ನಷ್ಟೇ ಎತ್ತರದ ನೆಲದಲ್ಲಿ ಹುಟ್ಟಿದ ಮಗುವಿಗೆ ಬೆಟ್ಟ ಎಂದರೆ ಏನೆಂದು ವಿವರಿಸುವುದು ಸುಲಭದ ಮಾತಲ್ಲ. ಚೆನ್ನಾಗಿ ಕಲಿಸುವವರು ಬೇಗನೆ ಪುಸ್ತಕ ಬದಿಗಿಟ್ಟು ದೋಣಿ, ಮೀನು, ತೆಂಗಿನಕಾಯಿಗಳನ್ನು ಲೆಕ್ಕಕ್ಕೆ ಎಳೆದುತರುತ್ತಾರೆ.

ಭಾಷೆಯದು ಇನ್ನೊಂದು ಕಷ್ಟ. ಮನೆಯಲ್ಲಿ, ಆಟದ ಬಯಲಿನಲ್ಲಿ ಮಕ್ಕಳು ಆಡುವುದು ಮಾರ್ಷಲೀಸ್. ಹೊಸ ಶಿಕ್ಷಕರಿಗೆ ‘ಯೋಕ್ವೆ’ ಎಂಬ ನಮಸ್ಕಾರ, ‘ಕೊಮ್ಮೊಲ್’ ಎಂಬ ಧನ್ಯವಾದಕ್ಕಿಂತ ಹೆಚ್ಚು ಬರುವುದಿಲ್ಲ. ಮಾತಿಲ್ಲದ ಭಾಷೆ ಇನ್ನಷ್ಟು ದಾರಿ ತಪ್ಪಿಸುತ್ತದೆ. ಇಲ್ಲಿ ಹುಬ್ಬು ಮೇಲೇರಿಸಿದರೆ ‘ಹೌದು’ ಎಂದರ್ಥ. ಅರ್ಥವಾಯಿತೇ ಎಂದು ಕೇಳಿದ ಶಿಕ್ಷಕರಿಗೆ ಇಡೀ ತರಗತಿ ಬಾಯಿಮುಚ್ಚಿ ಕೂತಂತೆ ಕಾಣುತ್ತದೆ. ಮಕ್ಕಳಾದರೋ ಆಗಲೇ ಉತ್ತರ ಕೊಟ್ಟು ಮುಗಿಸಿರುತ್ತಾರೆ. ತಲೆ ಮುಟ್ಟುವುದು ಅಗೌರವ; ಪ್ರೀತಿಯಿಂದ ಮಗುವಿನ ತಲೆ ಸವರುವ ಅಭ್ಯಾಸವನ್ನು ಬಿಡಬೇಕು. ಹೆಂಗಸರು ಮೊಣಕಾಲು ಮುಚ್ಚುವ ಬಟ್ಟೆ ತೊಡಬೇಕು. ತಂದ ಪ್ಯಾಂಟುಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಉದ್ದ ಲಂಗ ಕೊಳ್ಳುವವರೇ ಹೆಚ್ಚು.

ಗೈರುಹಾಜರಿಗೂ ಊರಿನದೇ ಕಾರಣಗಳಿವೆ. ಮಗುವಿನ ಮೊದಲ ಹುಟ್ಟುಹಬ್ಬ ‘ಕೆಮೆಮ್’ ಬಂತೆಂದರೆ ನಂಟರು ಇಷ್ಟರೆಲ್ಲ ಸೇರುತ್ತಾರೆ. ಸಾವಿನ ಮನೆಗೂ ಅಷ್ಟೇ. ಶಾಲೆ, ಹೋಂವರ್ಕ್ ಎರಡೂ ಅಲ್ಲಿಗೆ ಮುಗಿದವು. ಇದನ್ನು ಸೋಮಾರಿತನ ಎಂದು ಬಗೆದವರು ವರ್ಷವಿಡೀ ಸಿಡಿಮಿಡಿಗೊಂಡೇ ಇರುತ್ತಾರೆ. ಕರೆದಾಗ ತಾವೂ ಹೋಗಿ ಚಾಪೆಯ ಮೇಲೆ ಕೂತು ಉಂಡುಬಂದವರ ತರಗತಿ ಮಾತ್ರ ಮರುದಿನದಿಂದ ಸ್ವಲ್ಪ ಸಲೀಸಾಗಿ ನಡೆಯುತ್ತದೆ.

ಮಾರ್ಚ್ 1 ಬಂದಾಗ ಅಮೆರಿಕದಿಂದ ಬಂದ ಶಿಕ್ಷಕರಿಗೆ ಬೇರೆಯೇ ಪಾಠವಾಗುತ್ತದೆ. ಅಮೆರಿಕ 1946ರಿಂದ 1958ರವರೆಗೆ ಇಲ್ಲಿನ ದ್ವೀಪವಲಯಗಳಾದ ಬಿಕಿನಿ, ಎನೆವೆಟಾಕ್‌ಗಳಲ್ಲಿ 67 ಅಣುಪರೀಕ್ಷೆ ನಡೆಸಿತು. 1954ರ ಮಾರ್ಚ್ 1ರ ‘ಬ್ರಾವೊ’ ಸ್ಫೋಟದ ವಿಕಿರಣದ ಬೂದಿ ರೊಂಗೆಲಾಪ್ ದ್ವೀಪವಲಯದ ಜನರ ಮೇಲೆ ಬಿತ್ತು. ಆ ದಿನ ಇಲ್ಲಿ ರಾಷ್ಟ್ರೀಯ ಸ್ಮರಣೆಯ ರಜೆ. ನೆಲ ಕಳೆದುಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು ತರಗತಿಯಲ್ಲೇ ಇರಬಹುದು. ತಮ್ಮ ದೇಶದ ಶಾಲೆಯಲ್ಲಿ ಈ ಚರಿತ್ರೆಯನ್ನು ಒಂದೆರಡು ಸಾಲಿನಲ್ಲಿ ಓದಿ ಮುಗಿಸಿದ ಯುವಕ ಯುವತಿಯರಿಗೆ ಅದು ಇಲ್ಲಿ ಮುಖಾಮುಖಿಯಾಗುತ್ತದೆ.

ಸಂಜೆಯ ಬದುಕು ನೀರಿನ ಸುತ್ತ ಸುತ್ತುತ್ತದೆ. ಮಜುರೊದಲ್ಲಿ ನದಿಯಿಲ್ಲ. ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಿದ್ದ ಮಳೆನೀರನ್ನೇ ಕೆರೆಗಳಿಗೆ ಹರಿಸಿ, ಶುದ್ಧೀಕರಿಸಿ ಊರಿಗೆ ಬಿಡುತ್ತಾರೆ. ನಲ್ಲಿ ಎಲ್ಲ ದಿನವೂ ಬರುವುದಿಲ್ಲ. ಮಾಡಿನ ನೀರು ಹಿಡಿಯುವ ತೊಟ್ಟಿ ಪ್ರತಿ ಮನೆಗೂ ಬೇಕು. ಕುಡಿಯುವುದನ್ನು ಕುದಿಸಿಯೇ ಕುಡಿಯಬೇಕು. ಮಲೇರಿಯಾ ಇಲ್ಲದಿದ್ದರೂ ಡೆಂಗಿ ಆಗಾಗ ಕಾಡುತ್ತದೆ. ಊಟಕ್ಕೆ ಅನ್ನ, ಡಬ್ಬಿ ಮೀನು, ಡಬ್ಬಿ ಮಾಂಸ. ನಮ್ಮ ಕರಾವಳಿಯವರಿಗೆ ಗೊತ್ತಿರುವ ಜೀಗುಜ್ಜೆ ಇಲ್ಲಿ ಹಳೆಯ ಕಾಲದಿಂದ ಮುಖ್ಯ ಆಹಾರ. ಕೇದಗೆ ಜಾತಿಯ ಗಿಡದ ಹಣ್ಣನ್ನೂ ತಿನ್ನುತ್ತಾರೆ. ತಾಜಾ ತರಕಾರಿ ಹಡಗಿನಲ್ಲಿ ಬರಬೇಕು, ಬಂದಾಗ ತುಟ್ಟಿ. ಮಕ್ಕಳ ನೆಚ್ಚಿನ ತಿಂಡಿ, ಬೇಯಿಸದ ರಾಮೆನ್ ನೂಡಲ್ಸ್ ಮೇಲೆ ಶರಬತ್ತಿನ ಪುಡಿ ಉದುರಿಸಿದ್ದು. ಸಕ್ಕರೆ ಕಾಯಿಲೆ ದೇಶವನ್ನೇ ಹಿಂಡುತ್ತಿರುವುದಕ್ಕೆ ಹೊರಗಿನಿಂದ ಬಂದ ಇಂಥ ಆಹಾರವೇ ದೊಡ್ಡ ಕಾರಣ.

ಎಬಾಯ್‌ನಲ್ಲಿ ಬದುಕು ಇನ್ನೂ ಇಕ್ಕಟ್ಟು. ಸುಮಾರು 80 ಎಕರೆಯ ದ್ವೀಪದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿದ ಜನ. ಪಕ್ಕದ ಕ್ವಾಜಲೀನ್ ದ್ವೀಪದ ಅಮೆರಿಕನ್ ಸೇನಾ ನೆಲೆಗೆ ದಿನವೂ ದೋಣಿಯಲ್ಲಿ ಕೆಲಸಕ್ಕೆ ಹೋಗಿ ಬರುವವರ ಕುಟುಂಬಗಳು ಹಲವು. ಶಿಕ್ಷಕರಿಗೆ ಅಲ್ಲಿ ಏಕಾಂತ ಎಂಬುದೇ ಇಲ್ಲ. ಶಾಲೆ ಮುಗಿದ ಮೇಲೂ ಮಕ್ಕಳು ಬಾಗಿಲಲ್ಲೇ ಇರುತ್ತಾರೆ. ಅಡ್ವೆಂಟಿಸ್ಟರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ ಎಂಬ ವಿಶ್ರಾಂತಿಯ ದಿನ. ಆಗ ಚರ್ಚು, ಹಾಡು. ಭಾನುವಾರ ಬಟ್ಟೆ ಒಗೆಯುವುದು, ಉತ್ತರಪತ್ರಿಕೆ ತಿದ್ದುವುದು, ಬಿಡುವಾದರೆ ಈಜು.

ವರ್ಷಕ್ಕೊಮ್ಮೆ ಶಿಕ್ಷಕರು ಬದಲಾಗುವ ಈ ವ್ಯವಸ್ಥೆಗೆ ದೋಷವೂ ಇದೆ. ಡಿಸೆಂಬರ್‌ವರೆಗೂ ಗದ್ದಲ ಅಡಗಿಸುವುದರಲ್ಲೇ ಸುಸ್ತಾಗುವ ಶಿಕ್ಷಕರು ಜನವರಿಯ ಹೊತ್ತಿಗೆ ಮಕ್ಕಳ ಹೆಸರು, ಮನೆ, ಮುನಿಸುಗಳನ್ನು ಅರಿತಿರುತ್ತಾರೆ. ಪಾಠ ಹದಕ್ಕೆ ಬರುವಷ್ಟರಲ್ಲಿ ಬೇಸಿಗೆ ಬಂದು ಹೊರಟುಬಿಡುತ್ತಾರೆ. ಮುಂದಿನ ಮೇಷ್ಟ್ರು ಮತ್ತೆ ಮೊದಲಿನಿಂದ ಶುರುಮಾಡಬೇಕು. ಒಂದನೇ ತರಗತಿಯಿಂದ ಹನ್ನೆರಡರವರೆಗೆ ಓದುವ ಮಗು ಹೀಗೆ ಹತ್ತಾರು ವಿದಾಯಗಳನ್ನು ಕಾಣುತ್ತದೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಿಂದ ದೇಶ ಗಡಿ ಮುಚ್ಚಿದಾಗ, ಹೊರಗಿನವರನ್ನು ನೆಚ್ಚಿಕೊಂಡ ಶಾಲೆಯ ಬಿಕ್ಕಟ್ಟು ಎಂಥದೆಂಬುದೂ ಗೊತ್ತಾಯಿತು. ಊರಿನವರನ್ನೇ ಶಿಕ್ಷಕರನ್ನಾಗಿ ತಯಾರುಮಾಡುವ ಕೆಲಸವನ್ನು ಮಜುರೊದ ಕಾಲೇಜ್ ಆಫ್ ದಿ ಮಾರ್ಷಲ್ ಐಲೆಂಡ್ಸ್ ಮಾಡುತ್ತಿದೆ. ಆ ಕೆಲಸ ಬಲಗೊಳ್ಳುವವರೆಗೆ ಹೊರಗಿನವರು ಬೇಕೇ ಬೇಕು. ಆದರೆ ಬರುವವರು ಒಂದರ ಬದಲು ಎರಡು ವರ್ಷ ನಿಂತರೆ ಮಕ್ಕಳಿಗೆ ಆಗುವ ಲಾಭ ದುಪ್ಪಟ್ಟಿಗಿಂತ ಹೆಚ್ಚು.