ಕಂಬ ಎಷ್ಟೆತ್ತರ? ಕನ್ನಡಿಗರ ಲೆಕ್ಕ ಮತ್ತು ನಕ್ಷೆಯ ಪಾಠ



ಶಾಲೆಯ ಗಣಿತದಲ್ಲಿ ಎಲ್ಲರೂ ಹಗುರವಾಗಿ ದಾಟಿಬಿಡುವ ಪಾಠವೆಂದರೆ ಅಂಕಿ-ಅಂಶ ಸಂಗ್ರಹ ಮತ್ತು ನಕ್ಷೆ. ತರಗತಿಯ ನಲವತ್ತು ಮಕ್ಕಳಿಗೆ ಯಾವ ಹಣ್ಣು ಇಷ್ಟವೆಂದು ಕೇಳುವುದು, ತಲೆಗೊಂದು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಿ ಕಟ್ಟು ಮಾಡುವುದು, ಆಮೇಲೆ ಗ್ರಾಫ್ ಕಾಗದದ ಮೇಲೆ ಕಂಬಗಳನ್ನು ನಿಲ್ಲಿಸಿ ಬಣ್ಣ ಬಳಿಯುವುದು. ಮರಾಠಿ ಮಾಧ್ಯಮದವರಿಗೆ ಇದು ಸ್ತಂಭಾಲೇಖ, ಕನ್ನಡ ಮಾಧ್ಯಮದವರಿಗೆ ಸ್ತಂಭ ನಕ್ಷೆ, ನಿಮ್ಮಲ್ಲಿ ಹೆಚ್ಚಿನವರಿಗೆ ಬಾರ್ ಗ್ರಾಫ್. ಮಾವಿನಹಣ್ಣೇ ಗೆಲ್ಲುವುದೆಂದು ಮೊದಲೇ ಗೊತ್ತಿದ್ದರೆ ಪಾಠದಲ್ಲಿ ಸ್ವಾರಸ್ಯವೇನು ಉಳಿಯಿತು? ಹಣ್ಣನ್ನು ಬಿಟ್ಟು ನಮ್ಮನ್ನೇ ಎಣಿಸಿ ನೋಡೋಣ.

ಭಾರತದ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 1971ರಲ್ಲಿ ಸುಮಾರು 2 ಕೋಟಿ 17 ಲಕ್ಷ, 2011ರಲ್ಲಿ 4 ಕೋಟಿ 37 ಲಕ್ಷ. ಎರಡು ಕಂಬ ನಿಲ್ಲಿಸಿದರೆ ಎರಡನೆಯದು ಮೊದಲನೆಯದರ ದುಪ್ಪಟ್ಟು. ಭೇಷ್ ಎನ್ನಬಹುದು. ಆದರೆ ದೇಶದ ಜನಸಂಖ್ಯೆಯೂ ಅಷ್ಟರಲ್ಲಿ ಸುಮ್ಮನೆ ಕುಳಿತಿರಲಿಲ್ಲವಲ್ಲ! ಶೇಕಡಾ ಲೆಕ್ಕ ಹಾಕಿದರೆ ಕನ್ನಡದ ಪಾಲು 1971ರಲ್ಲಿ 3.96, 1981ರಲ್ಲಿ 3.86, 1991ರಲ್ಲಿ 3.91, 2001ರಲ್ಲಿ 3.69, 2011ರಲ್ಲಿ 3.61. ಅದೇ ಗಣತಿ, ಅದೇ ಜನ. ಒಂದು ನಕ್ಷೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಭಾಷಣಕಾರರು ತಮಗೆ ಬೇಕಾದದ್ದನ್ನು ಹಿಡಿದು ತೋರಿಸುತ್ತಾರೆ.

ಇನ್ನೊಂದು ಚಮತ್ಕಾರವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. ನಿಂತ ರೇಖೆಯನ್ನು ಸೊನ್ನೆಯಿಂದ ಆರಂಭಿಸದೆ 3.5ರಿಂದ ಆರಂಭಿಸಿ. ಆಗ 1971ರ ಕಂಬದ ಎತ್ತರ 0.46, 2011ರದು ಬರೀ 0.11. ಕನ್ನಡ ನಾಲ್ಕರಲ್ಲೊಂದು ಪಾಲಿಗೂ ಕಡಿಮೆಯಾಗಿ ಕುಸಿದುಬಿದ್ದಂತೆ ಕಾಣುತ್ತದೆ. ಸೊನ್ನೆಯಿಂದ ಆರಂಭಿಸಿದರೆ ಐದೂ ಕಂಬಗಳು ಹೆಚ್ಚು ಕಡಿಮೆ ಒಂದೇ ಎತ್ತರ. ಪತ್ರಿಕೆಯಲ್ಲಾಗಲಿ ಟಿ.ವಿ.ಯಲ್ಲಾಗಲಿ ನಕ್ಷೆ ಕಂಡಾಗ ಮೊದಲು ನೋಡಬೇಕಾದದ್ದು ಕಂಬದ ತಲೆಯನ್ನಲ್ಲ, ಬುಡವನ್ನು.

ಇದೆಲ್ಲ ಎಳೆಯುವವರ ಕೈಚಳಕವಾಯಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಅದಕ್ಕೂ ಹಿಂದಿನ ಹೆಜ್ಜೆ: ಕೇಳಿದ ಪ್ರಶ್ನೆ ಯಾವುದು? ಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ನಿಮ್ಮೊಡನೆ ಆಡಿದ ಭಾಷೆ. ನೀವು ಇಂದು ಅದನ್ನು ಆಡುತ್ತೀರೋ ಇಲ್ಲವೋ ಎಂಬುದು ಆ ಪ್ರಶ್ನೆಯಲ್ಲಿಲ್ಲ. ಡೊಂಬಿವಲಿಯ ಹುಡುಗನೊಬ್ಬ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಟ್ಟರೂ ಕನ್ನಡದ ಕಂಬದಲ್ಲಿ ಅವನೂ ಒಬ್ಬ, ಅಜ್ಜಿಯೂ ಒಬ್ಬಳು. ಅತ್ತ ಮುಂಬಯಿಯ ಕನ್ನಡ ಸಂಘಗಳಲ್ಲಿ ಹಗಲಿರುಳು ದುಡಿಯುವ ಎಷ್ಟೋ ಮಂದಿಯ ಮನೆಮಾತು ತುಳು. 2011ರಲ್ಲಿ ತುಳುವೆಂದು ಬರೆಸಿದವರು 18 ಲಕ್ಷ 46 ಸಾವಿರ. ಅವರಲ್ಲಿ ಕನ್ನಡ ಓದಿ ಬರೆಯುವವರೂ ಈ ಕಂಬಕ್ಕೆ ಸೇರಲಿಲ್ಲ. ನೀಲಗಿರಿಯ ಬಡಗ ಮಾತಿನವರನ್ನಾದರೋ ಕನ್ನಡದೊಳಗೇ ಸೇರಿಸಿ ಎಣಿಸಿದ್ದಾರೆ. ಎಣಿಕೆಯಲ್ಲಿ ತಪ್ಪಿಲ್ಲ, ಪೆಟ್ಟಿಗೆಗಳನ್ನು ಹಾಗೆ ಮಾಡಲಾಗಿದೆ.

2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರಲ್ಲಿ ಘೋಷಣೆಯಾಯಿತು. ಗಣತಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಲು ನಾವು ಆ ದಿನಕ್ಕಾಗಿ ಕಾಯಬೇಕಾಗಿಲ್ಲ. "ನಿನಗೆ ಕನ್ನಡ ಬರುತ್ತದೆಯೆ?" ಎಂದು ಮಾತ್ರ ಕೇಳಬೇಡಿ. ಸಂಕೋಚಕ್ಕೆ ಎಲ್ಲರೂ ಹೌದೆನ್ನುತ್ತಾರೆ. "ನಿನ್ನೆ ಯಾರ ಯಾರೊಡನೆ ಕನ್ನಡದಲ್ಲಿ ಮಾತಾಡಿದೆ?" ಎನ್ನಿ. ಅಜ್ಜ-ಅಜ್ಜಿ, ತಂದೆ-ತಾಯಿ, ಅಣ್ಣ-ತಂಗಿ, ಗೆಳೆಯರು, ಯಾರೊಡನೆಯೂ ಇಲ್ಲ: ಇಷ್ಟು ಸಾಲು ಸಾಕು. ಅಣ್ಣ-ತಂಗಿಯರ ಸಾಲಿನ ಮೇಲೆ ನನ್ನ ಕಣ್ಣಿದೆ. ಹಿರಿಯರೊಡನೆ ಆಡುವ ಮಾತು ಹಿರಿಯರಿರುವವರೆಗೆ. ಒಡಹುಟ್ಟಿದವರು ತಮ್ಮತಮ್ಮಲ್ಲಿ ಆಡುವ ಮಾತು ಮುಂದಿನ ಮನೆಗೂ ಹೋಗುತ್ತದೆ.

ರಾಜ್ಯೋತ್ಸವದ ಸಭಾಂಗಣದಲ್ಲಿ ಪಟ್ಟಿ ಹಿಡಿದು ನಿಂತರೆ ಕೆಲಸ ಸುಲಭ, ಫಲಿತಾಂಶ ಮಾತ್ರ ದಾರಿ ತಪ್ಪಿಸುತ್ತದೆ. ಅಲ್ಲಿಗೆ ಬಂದವರು ಮೊದಲೇ ಕನ್ನಡದ ಒಲವಿನವರು. ಬಾರದವರ ಮನೆಯ ಬಾಗಿಲನ್ನೂ ತಟ್ಟಬೇಕು. ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ, ವಯಸ್ಸು ಸಾಕು. ಉತ್ತರ ಕೊಡದವರಿಗೂ ಒಂದು ಗೀಟು ಇರಲಿ.

ನಕ್ಷೆ ಬರೆಯುವಾಗ ತಲೆಗಳನ್ನಲ್ಲ, ಶೇಕಡಾವನ್ನು ನಿಲ್ಲಿಸಿ. ನಲವತ್ತು ಅಜ್ಜ-ಅಜ್ಜಿಯರಲ್ಲಿ 36 ಮಂದಿ, ತೊಂಬತ್ತು ಯುವಕ-ಯುವತಿಯರಲ್ಲಿ 45 ಮಂದಿ ನಿನ್ನೆ ಕನ್ನಡ ಮಾತಾಡಿದರೆಂದು ಇಟ್ಟುಕೊಳ್ಳಿ. ತಲೆ ಎಣಿಸಿದರೆ ನಿಮ್ಮ ಕಂಬವೇ ಎತ್ತರ. ಶೇಕಡಾದಲ್ಲಿ ಅವರದು 90, ನಿಮ್ಮದು 50. ಎಷ್ಟು ಜನರನ್ನು, ಯಾವ ಬಡಾವಣೆಯಲ್ಲಿ, ಯಾವ ತಿಂಗಳು ಕೇಳಿದಿರೆಂದು ನಕ್ಷೆಯ ಕೆಳಗೆ ಬರೆದು ಸಂಘದ ಫಲಕಕ್ಕೆ ಅಂಟಿಸಿ.