ಆಟದ ಯಂತ್ರದ ಚಂದಾ: ಮೂರು ಮೆಟ್ಟಿಲುಗಳಲ್ಲಿ ಯಾವುದು?

೨೦೨೩ರ ಬೇಸಗೆಯ ರಜೆಯಲ್ಲಿ ಮೈಸೂರಿನ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಒಂದು ಸಣ್ಣ ನ್ಯಾಯಸಭೆಯೇ ಸೇರಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮಗ ಹಾಳೆಯೊಂದರ ಮೇಲೆ ಮೂರು ಅಂಕಣಗಳನ್ನು ಗೀಚಿ ತಂದೆಯ ಮುಂದೆ ಇರಿಸಿದ್ದ. ಅವನ ಪ್ರಾಣಸ್ನೇಹಿತನ ತಂದೆಗೆ ಪುಣೆಗೆ ವರ್ಗವಾಗಿತ್ತು. ಇಬ್ಬರ ಮನೆಯಲ್ಲಿಯೂ ಪ್ಲೇಸ್ಟೇಷನ್ ೫ ಎಂಬ ಆಟದ ಯಂತ್ರವಿದೆ. ಒಂದೇ ಕಾಲ್ಚೆಂಡಿನ ಆಟದ ತಟ್ಟೆಯೂ ಇದೆ. ದೂರದಲ್ಲಿದ್ದುಕೊಂಡೇ ಇಬ್ಬರೂ ಸಂಜೆ ಒಟ್ಟಿಗೆ ಆಡಬೇಕಾದರೆ 'ಪ್ಲೇಸ್ಟೇಷನ್ ಪ್ಲಸ್' ಎಂಬ ಸೇವೆಗೆ ಚಂದಾದಾರನಾಗಬೇಕು. ಆ ಚಂದಾದಲ್ಲಿ ಮೂರು ದರ್ಜೆಗಳು. ಅಮೆರಿಕದಲ್ಲಿರುವ ಸೋದರಮಾವ ಮೂರನೆಯದನ್ನು ತೆಗೆದುಕೊಂಡಿದ್ದಾರೆ. ತಾನು ಚಿಕ್ಕಂದಿನಲ್ಲಿ ಕಂಡ ಹಳೆಯ ಆಟವೊಂದು ಅದರಲ್ಲಿ ದೊರೆಯುತ್ತದೆ. ಆದುದರಿಂದ ತನಗೂ ಮೂರನೆಯದೇ ಬೇಕೆಂದು ಹುಡುಗನ ವಾದ. ಮೊದಲನೆಯದೇ ಸಾಕೆಂದು ತಂದೆಯ ವಾದ. ಇಬ್ಬರೂ ನನ್ನ ಕಡೆ ತಿರುಗಿದರು.

ಮೇಲುನೋಟಕ್ಕೆ ಇದು ಹಣದ ಪ್ರಶ್ನೆಯಷ್ಟೆ. ಆದರೆ ಒಳಹೊಕ್ಕು ನೋಡಿದರೆ ಬೆಳಕಿನ ವೇಗ, ಗಣಕದ ಒಳರಚನೆ, ಕೊಂಡ ವಸ್ತುವಿಗೂ ಬಾಡಿಗೆಯ ವಸ್ತುವಿಗೂ ಇರುವ ಭೇದ ಇವೆಲ್ಲವೂ ಅದರಲ್ಲಿ ಅಡಗಿವೆ.

ಸೇವೆ ಬೆಳೆದ ಬಗೆ

ಜಪಾನಿನ ಸೋನಿ ಸಂಸ್ಥೆ ತನ್ನ ಮೊದಲ ಪ್ಲೇಸ್ಟೇಷನ್ ಯಂತ್ರವನ್ನು ೧೯೯೪ರ ಡಿಸೆಂಬರಿನಲ್ಲಿ ಹೊರತಂದಿತು. ೨೦೦೬ರಲ್ಲಿ ಬಂದ ಮೂರನೆಯ ಯಂತ್ರದಲ್ಲಿ ಅಂತರಜಾಲದ ಮೂಲಕ ಇತರರೊಡನೆ ಆಡಲು ಶುಲ್ಕವಿರಲಿಲ್ಲ. ೨೦೧೦ರ ಜೂನ್ ತಿಂಗಳಿನಲ್ಲಿ ಪ್ಲೇಸ್ಟೇಷನ್ ಪ್ಲಸ್ ಆರಂಭವಾದಾಗ ಅದು ಬೇಕಾದವರು ಪಡೆಯುವ ಹೆಚ್ಚಿನ ಸೌಕರ್ಯ ಮಾತ್ರವಾಗಿತ್ತು. ೨೦೧೩ರಲ್ಲಿ ನಾಲ್ಕನೆಯ ಯಂತ್ರ ಬಂದಾಗ ಕ್ರಮ ಬದಲಾಯಿತು: ಬಹುಪಾಲು ಆಟಗಳನ್ನು ಪರಸ್ಥಳದವರೊಡನೆ ಆಡಲು ಚಂದಾ ಅಗತ್ಯವೆನಿಸಿತು. 'ಫೋರ್ಟ್‌ನೈಟ್'ನಂಥ ಉಚಿತ ಆಟಗಳಿಗೆ ಮಾತ್ರ ಈ ಕಟ್ಟಳೆಯಿಲ್ಲ. ನಿಮ್ಮ ಮಕ್ಕಳು ಆಡುವುದು ಅಂಥ ಆಟವನ್ನೇ ಆದರೆ ಮೂರು ದರ್ಜೆಗಳಲ್ಲಿ ಯಾವುದೂ ಬೇಕಾಗಿಲ್ಲವೆಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಇದಕ್ಕೆ ಸಮಾನಾಂತರವಾಗಿ, ಆಟವನ್ನು ದೂರದ ಗಣಕದಲ್ಲಿ ನಡೆಸಿ ಚಿತ್ರವನ್ನು ಮಾತ್ರ ಮನೆಗೆ ಕಳುಹಿಸುವ 'ಪ್ಲೇಸ್ಟೇಷನ್ ನೌ' ಎಂಬ ಇನ್ನೊಂದು ಸೇವೆಯೂ ಬೆಳೆಯಿತು. ೨೦೨೨ರ ಜೂನ್ ಹೊತ್ತಿಗೆ ಎರಡನ್ನೂ ಬೆಸೆದು ಮೂರು ಮೆಟ್ಟಿಲುಗಳನ್ನು ಕಟ್ಟಲಾಯಿತು. ಮೊದಲನೆಯದು 'ಎಸೆನ್ಷಿಯಲ್': ಜೊತೆಗೂಡಿ ಆಡುವ ಅವಕಾಶ, ಪ್ರತಿ ತಿಂಗಳೂ ಕೆಲವು ಆಟಗಳು, ಆಟದ ಪ್ರಗತಿಯನ್ನು ದೂರದ ಉಗ್ರಾಣದಲ್ಲಿ ಕಾಪಾಡಿಡುವ ಅನುಕೂಲ. ಎರಡನೆಯದು 'ಎಕ್ಸ್‌ಟ್ರಾ': ಇವುಗಳೊಡನೆ ನೂರಾರು ಆಟಗಳ ಭಂಡಾರ. ಮೂರನೆಯದಕ್ಕೆ ಮಾತ್ರ ಎರಡು ಹೆಸರುಗಳು. ಅಮೆರಿಕ, ಜಪಾನ್ ಮೊದಲಾದ ಕಡೆಗಳಲ್ಲಿ ಅದು 'ಪ್ರೀಮಿಯಂ'; ಭಾರತದಲ್ಲಿ ಆರಂಭವಾದುದು 'ಡೀಲಕ್ಸ್'. ಹೆಸರು ಬೇರೆಯಾದುದು ಅಲಂಕಾರಕ್ಕಲ್ಲ. ಒಳಗಿನ ವಸ್ತುವೇ ಬೇರೆ.

ಸೋದರಮಾವನ ಆಟ ಇಲ್ಲಿಲ್ಲವೇಕೆ?

ಮೊದಲನೆಯ ಮತ್ತು ಎರಡನೆಯ ಪ್ಲೇಸ್ಟೇಷನ್ನಿನ ಕೆಲವು ಹಳೆಯ ಆಟಗಳು ಎರಡು ಹೆಸರಿನ ಮೆಟ್ಟಿಲುಗಳಲ್ಲಿಯೂ ಇವೆ. ಇಂದಿನ ಯಂತ್ರ ಅಂದಿನ ಯಂತ್ರದ ನಡವಳಿಕೆಯನ್ನು ಅನುಕರಿಸಿ ಅವನ್ನು ಮನೆಯಲ್ಲಿಯೇ ಆಡಿಸಬಲ್ಲದು. ಮೂರನೆಯ ಪ್ಲೇಸ್ಟೇಷನ್ನಿನ ಸಂಗತಿ ಹಾಗಲ್ಲ. ಅದರ ಹೃದಯವಾದ 'ಸೆಲ್' ಎಂಬ ಸಂಸ್ಕಾರಕವನ್ನು ಸೋನಿ, ತೋಷಿಬಾ, ಐ.ಬಿ.ಎಂ. ಸಂಸ್ಥೆಗಳು ಕೂಡಿ ನಿರ್ಮಿಸಿದುವು. ಅದರಲ್ಲಿ ಯಜಮಾನನಂಥ ಒಂದು ಮುಖ್ಯ ಘಟಕ, ಆಳುಗಳಂಥ ಎಂಟು ಸಹಾಯಕ ಘಟಕಗಳು. ಅವುಗಳಲ್ಲಿ ಆರು ಆಟದ ಕೆಲಸಕ್ಕೆ ದೊರೆಯುತ್ತಿದ್ದುವು. ಕೆಲಸವನ್ನು ಚೂರುಚೂರಾಗಿ ಹಂಚಿ, ಎಲ್ಲವೂ ಕ್ಷಣ ತಪ್ಪದಂತೆ ಒಂದಕ್ಕೊಂದು ಕೂಡಿಬರುವಂತೆ ಆಟಗಳನ್ನು ಬರೆದಿದ್ದರು. ೨೦೧೩ರಲ್ಲಿ ಬಂದ ನಾಲ್ಕನೆಯ ಯಂತ್ರ ಈ ರಚನೆಯನ್ನು ಬಿಟ್ಟು ಸಾಮಾನ್ಯ ಗಣಕಗಳ ದಾರಿಯನ್ನು ಹಿಡಿಯಿತು. ಐದನೆಯದೂ ಅದನ್ನೇ ಅನುಸರಿಸಿತು. ಆದುದರಿಂದ ನಾಲ್ಕನೆಯದರ ಆಟಗಳು ಐದನೆಯದರಲ್ಲಿ ಸಲೀಸಾಗಿ ನಡೆಯುತ್ತವೆ; ಮೂರನೆಯದರ ಆಟಗಳಿಗೆ ಅದರ ಭಾಷೆಯೇ ತಿಳಿಯದು.

ಇದಕ್ಕೆ ಕಂಡುಕೊಂಡ ಉಪಾಯವೇ ದೂರಪ್ರಸಾರ. ಆಟವು ಎಲ್ಲಿಯೋ ಇರುವ ಕೇಂದ್ರದಲ್ಲಿ ನಡೆಯುತ್ತದೆ. ಚಲಿಸುವ ಚಿತ್ರ ಮಾತ್ರ ಮನೆಗೆ ಹರಿದುಬರುತ್ತದೆ. ಈ ಪ್ರಸಾರವುಳ್ಳ ಮೆಟ್ಟಿಲು ಪ್ರೀಮಿಯಂ, ಅದಿಲ್ಲದ್ದು ಡೀಲಕ್ಸ್. ಹುಡುಗ ಬಯಸಿದ್ದು ಮೂರನೆಯ ಯಂತ್ರದ ಆಟವನ್ನು. ಮೈಸೂರಿನಲ್ಲಿ ಕುಳಿತು ಅತಿ ಹೆಚ್ಚಿನ ಹಣವನ್ನು ತೆತ್ತಿದ್ದರೂ ಆ ಆಟ ಅವನಿಗೆ ದೊರೆಯುತ್ತಿರಲಿಲ್ಲ.

ಬೆಳಕೂ ತಡಮಾಡುತ್ತದೆ

ಈ ಪ್ರಸಾರಕ್ಕೆ ಹತ್ತಿರದ ಕೇಂದ್ರವೇ ಏಕೆ ಬೇಕು? ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತದೆ. ಗಾಜಿನ ಎಳೆಯಲ್ಲಿ ಅದರ ವೇಗ ಸುಮಾರು ೨ ಲಕ್ಷಕ್ಕೆ ಇಳಿಯುತ್ತದೆ. ತೆರೆಯ ಮೇಲೆ ಸೆಕೆಂಡಿಗೆ ೬೦ ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ ಸೆಕೆಂಡಿನ ಸಾವಿರದಲ್ಲಿ ೧೭ ಪಾಲು ಮಾತ್ರ. ಬೆಂಗಳೂರಿನ ಆಟಗಾರನಿಗೆ ಕೇಂದ್ರವು ಸಿಂಗಪುರದಲ್ಲಿದೆಯೆಂದು ಊಹಿಸೋಣ. ನೇರ ದೂರ ಸುಮಾರು ೩,೨೦೦ ಕಿಲೋಮೀಟರು. ಗುಂಡಿ ಒತ್ತಿದ ಸುದ್ದಿ ಹೋಗಿ ಚಿತ್ರ ಮರಳಿ ಬರುವುದಕ್ಕೆ ಬೆಳಕಿನ ಪಯಣವೊಂದೇ ಸಾವಿರದ ೩೨ ಪಾಲನ್ನು ನುಂಗುತ್ತದೆ. ಎಂದರೆ ಸುಮಾರು ಎರಡು ಚಿತ್ರಗಳ ಕಾಲ. ಕೇಂದ್ರವು ಮುಂಬಯಿಯಲ್ಲಿದ್ದರೆ ಇದು ಸುಮಾರು ೮ ಪಾಲಿಗೆ ಇಳಿಯುತ್ತದೆ. ತಂತಿಗಳು ನೇರವಾಗಿ ಸಾಗುವುದಿಲ್ಲ. ಚಿತ್ರವನ್ನು ಅಡಕಮಾಡಿ ಮತ್ತೆ ಬಿಡಿಸುವುದಕ್ಕೂ ಕಾಲ ಬೇಕು. ಚೆಂಡು ಗುರಿ ದಾಟಿದ ಮೇಲೆ ಕಾಲೆತ್ತಿದ ಅನುಭವ ಆಟಗಾರನಿಗಾಗುವುದು ಹೀಗೆ. ಹಣ ಕೊಟ್ಟು ವೇಗದ ಸಂಪರ್ಕವನ್ನು ಕೊಳ್ಳಬಹುದು, ದೂರವನ್ನು ಕೊಂಡುಕೊಳ್ಳಲಾಗದು.

ಹಾಗಾದರೆ ಪುಣೆಯ ಗೆಳೆಯನೊಡನೆ ಆಡುವುದು ಹೇಗೆ ಸಾಧ್ಯ? ಅಲ್ಲಿ ನಡೆಯುವುದು ಬೇರೆಯೇ ಕ್ರಿಯೆ. ಚಿತ್ರವನ್ನು ಬಿಡಿಸುವುದು ಆಯಾ ಮನೆಯ ಯಂತ್ರವೇ. ತಂತಿಯಲ್ಲಿ ಸಾಗುವುದು 'ನಾನು ಇಲ್ಲಿದ್ದೇನೆ, ಚೆಂಡು ಈ ದಿಕ್ಕಿಗೆ ಹೋಯಿತು' ಎಂಬಂಥ ಚಿಕ್ಕ ಸುದ್ದಿ. ಸುದ್ದಿ ತುಸು ತಡವಾದರೆ ಯಂತ್ರವೇ ಮುಂದಿನ ಚಲನೆಯನ್ನು ಊಹಿಸಿ ತೋರಿಸಿ, ನಿಜಸ್ಥಿತಿ ತಿಳಿದೊಡನೆ ತಿದ್ದಿಕೊಳ್ಳುತ್ತದೆ. ದೂರಪ್ರಸಾರದಲ್ಲಾದರೋ ಸೆಕೆಂಡಿಗೆ ೧೫ ಮೆಗಾಬಿಟ್ಟಿನ ಚಿತ್ರಪ್ರವಾಹ ಹರಿದರೆ ಗಂಟೆಗೆ ಆರು ಮುಕ್ಕಾಲು ಗಿಗಾಬೈಟು ಖರ್ಚಾಗುತ್ತದೆ. ಗೆಳೆಯರ ಕಾಲ್ಚೆಂಡಿಗೆ ಅದರ ಒಂದು ಅಲ್ಪಾಂಶ ಸಾಕು.

ಲೆಕ್ಕದ ಪಾಠ

ಇನ್ನು ಹಣದ ವಿಚಾರ. ೨೦೨೨ರಲ್ಲಿ ಭಾರತದಲ್ಲಿ ನಿಗದಿಯಾದ ತಿಂಗಳ ದರಗಳು ಕ್ರಮವಾಗಿ ೪೯೯, ೭೪೯, ೮೪೯ ರೂಪಾಯಿಗಳು. ವರ್ಷಕ್ಕೆ ೨,೯೯೯, ೪,೯೯೯, ೫,೭೪೯. ಮೊದಲನೆಯ ಮೆಟ್ಟಿಲಿನಲ್ಲಿ ತಿಂಗಳು ತಿಂಗಳು ಕೊಟ್ಟರೆ ವರ್ಷಕ್ಕೆ ೫,೯೮೮ ರೂಪಾಯಿಗಳಾಗುತ್ತವೆ; ವಾರ್ಷಿಕ ಚಂದಾ ಅದರ ಅರ್ಧಕ್ಕೆ ದೊರೆಯುತ್ತಿತ್ತು. ಆ ದರಗಳಲ್ಲಿ ವರ್ಷಕ್ಕೆ ಏಳು ತಿಂಗಳು ಆಡುವವನಿಗೆ ವಾರ್ಷಿಕವೇ ಲಾಭವಾಗಿತ್ತು. ಬೇಸಗೆಯ ಎರಡು ತಿಂಗಳು ಮಾತ್ರ ಆಡುವವನಿಗೆ ಮಾಸಿಕವೇ ಲಾಭ. ೨೦೨೩ರ ಸೆಪ್ಟೆಂಬರಿನಲ್ಲಿ ವಾರ್ಷಿಕ ದರಗಳು ೩,೯೪೯, ೬,೬೯೯, ೭,೫೮೯ಕ್ಕೆ ಏರಿದುವು. ದರಗಳು ಬದಲಾಗುತ್ತಲೇ ಇರುತ್ತವೆ. ವಾರ್ಷಿಕವನ್ನು ಮಾಸಿಕದಿಂದ ಭಾಗಿಸಿ ನೋಡುವ ಕ್ರಮ ಮಾತ್ರ ಬದಲಾಗದು.

ಎರಡನೆಯ ಮೆಟ್ಟಿಲು ಯಾರಿಗೆ ಒಪ್ಪುತ್ತದೆ? ಬಹಳ ಆಡುವವನಿಗೆ, ಹೊಸತಿಗಾಗಿ ಆತುರಪಡದವನಿಗೆ. 'ರಿಟರ್ನಲ್' ಎಂಬ ಆಟ ೨೦೨೧ರ ಏಪ್ರಿಲಿನಲ್ಲಿ ಹೊರಬಂದಾಗ ಇಲ್ಲಿ ಅದರ ಬೆಲೆ ೪,೯೯೯ ರೂಪಾಯಿ. ೨೦೨೨ರಲ್ಲಿ ಅದು ಎಕ್ಸ್‌ಟ್ರಾ ಭಂಡಾರ ಸೇರಿತು. ತಾಳ್ಮೆಯಿಂದ ಕಾದವನಿಗೆ ಅಷ್ಟೇ ಹಣದಲ್ಲಿ ಒಂದು ವರ್ಷದ ಭಂಡಾರವೇ ದೊರೆತಂತಾಯಿತು. ಆದರೆ ಭಂಡಾರವೆಂದರೆ ವಾಚನಾಲಯ, ಮನೆಯ ಕಪಾಟಲ್ಲ. 'ಮಾರ್ವೆಲ್‌ನ ಸ್ಪೈಡರ್-ಮ್ಯಾನ್' ೨೦೨೩ರ ಮೇ ತಿಂಗಳಿನಲ್ಲಿ ಅಲ್ಲಿಂದ ಹೊರಟುಹೋಯಿತು. ಅರ್ಧ ಆಡಿದವನು ಉಳಿದರ್ಧಕ್ಕೆ ಅದನ್ನು ಕೊಳ್ಳಬೇಕಷ್ಟೆ. ಮೊದಲನೆಯ ಮೆಟ್ಟಿಲಿನ ತಿಂಗಳ ಆಟಗಳನ್ನು ಆಯಾ ತಿಂಗಳಲ್ಲಿಯೇ ತನ್ನ ಹೆಸರಿಗೆ ಸೇರಿಸಿಕೊಂಡರೆ ಚಂದಾ ಇರುವವರೆಗೂ ಅವು ಉಳಿಯುತ್ತವೆ. ಚಂದಾ ನಿಂತ ದಿನ ಬೀಗ ಬೀಳುತ್ತದೆ; ಮತ್ತೆ ಕಟ್ಟಿದರೆ ತೆರೆಯುತ್ತದೆ.

ಇನ್ನೆರಡು ವಿಷಯಗಳನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಯಂತ್ರವನ್ನು ಹಂಚಿಕೆಗೆ ಅಣಿಗೊಳಿಸಿದರೆ, ಒಬ್ಬನ ಚಂದಾದಿಂದಲೇ ಆ ಯಂತ್ರದಲ್ಲಿ ಅಣ್ಣತಂಗಿಯರೂ ತಮ್ಮ ತಮ್ಮ ಹೆಸರಿನಲ್ಲಿ ಆಡಬಹುದು. ಎರಡನೆಯದಾಗಿ, ಉಳಿದ ದಿನಗಳ ವ್ಯತ್ಯಾಸವನ್ನಷ್ಟೆ ಕೊಟ್ಟು ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಯಾವಾಗ ಬೇಕಾದರೂ ಏರಬಹುದು; ಮೇಲಿನಿಂದ ಇಳಿಯುವುದಕ್ಕೆ ಮಾತ್ರ ಅವಧಿ ಮುಗಿಯುವವರೆಗೆ ಕಾಯಬೇಕು. ಏರುವುದು ಸುಲಭ, ಇಳಿಯುವುದು ತಡವೆಂದಾದರೆ ಕೆಳಗಿನಿಂದ ಮೊದಲಿಡುವುದೇ ವಿವೇಕ.

ಇಷ್ಟನ್ನು ವಿವರಿಸುವ ಹೊತ್ತಿಗೆ ಹುಡುಗನ ಹಾಳೆಯಲ್ಲಿ ಮೂರನೆಯ ಅಂಕಣಕ್ಕೆ ಗೆರೆ ಬಿದ್ದಿತ್ತು. ಎರಡನೆಯದರ ಮೇಲೆ ಅವನ ಪೆನ್ಸಿಲು ಸ್ವಲ್ಪ ಹೊತ್ತು ನಿಂತಿತು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ ಕೇಳಿದರು: "ನಿನಗೆ ಬೇಕಾದುದು ನೂರು ಆಟವೋ, ಒಬ್ಬ ಗೆಳೆಯನೋ?"

ಪ್ರಶ್ನೆ ಇತ್ಯರ್ಥವಾಯಿತು. ಮೊದಲನೆಯ ಮೆಟ್ಟಿಲಿಗೆ ಹಣ ಸಂದಾಯವಾಯಿತು. ಅಂದು ಸಂಜೆ ಏಳು ಗಂಟೆಗೆ ಪುಣೆಯ ಹುಡುಗನ ದನಿ ಕೇಳಿಬಂದಾಗ, ಮೈಸೂರಿನ ಹುಡುಗ ಆಟವನ್ನು ಆರಂಭಿಸುವುದನ್ನೇ ಮರೆತು ಕಾಲು ಗಂಟೆ ಮಾತನಾಡುತ್ತಲೇ ಇದ್ದನು.